ಮಾಕಂದಿ ಬೇರಿನ ಸತ್ವ ಹೆಚ್ಚಿಸುವ ಒಳವಾಸಿ ಶಿಲೀಂಧ್ರಗಳು

ಶಿಲೀಂಧ್ರವೆಂದೊಡನೆ ರೈತರಿಗೆ ನೆನಪಾಗುವುದು ಬೂದಿರೋಗ, ತುಕ್ಕುರೋಗ, ಸೊರಗುರೋಗ. ಆದರೆ ಎಲ್ಲ ಶಿಲೀಂಧ್ರಗಳೂ ಬೆಳೆಯ ಶತ್ರುಗಳಲ್ಲ. ಆರೋಗ್ಯವಾದ ಗಿಡದ ಬೇರು, ಕಾಂಡ, ಎಲೆಗಳ ಒಳಗೆ ಯಾವ ರೋಗವನ್ನೂ ಉಂಟುಮಾಡದೆ ಬಾಳುವ ಶಿಲೀಂಧ್ರಗಳೂ ಇವೆ. ಇವೇ ಒಳವಾಸಿ ಶಿಲೀಂಧ್ರಗಳು. ವಿಜ್ಞಾನಿಗಳು ಇವನ್ನು ಎಂಡೋಫೈಟ್ ಎನ್ನುತ್ತಾರೆ.

ರಾಗಿ, ಜೋಳಗಳನ್ನು ತೂಕ ನೋಡಿ ಕೊಳ್ಳುತ್ತಾರೆ. ಔಷಧಿ ಬೆಳೆಯಲ್ಲಿ ತೂಕದ ಜೊತೆಗೆ ಸತ್ವವನ್ನೂ ನೋಡುತ್ತಾರೆ. ಕೋಲಿಯಸ್ ಎಂದು ಕರೆಯುವ ಮಾಕಂದಿ ಬೇರನ್ನೇ ತೆಗೆದುಕೊಳ್ಳಿ. ಇದರ ಗೆಡ್ಡೆಬೇರಿಗೆ ಬೇಡಿಕೆ ಬಂದಿರುವುದು ಅದರಲ್ಲಿರುವ ಫೋರ್ಸ್‌ಕೋಲಿನ್ ಎಂಬ ಸತ್ವದಿಂದ. ಒಣಬೇರಿನಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1 ಕ್ಕೂ ಕಡಿಮೆ. ಆದ್ದರಿಂದ ಅಲ್ಪ ಹೆಚ್ಚಳವೂ ಲಾಭದಾಯಕ.

ಕೆಲಸ ಮಾಡುವ ಬಗೆ

ಒಳವಾಸಿ ಶಿಲೀಂಧ್ರವು ಗಿಡದಿಂದ ಆಹಾರ ಪಡೆಯುತ್ತದೆ. ಅದರ ಇರುವಿಕೆಯನ್ನು ಗುರುತಿಸಿದ ಗಿಡವು ತನ್ನ ರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಅನೇಕ ಔಷಧೀಯ ಸತ್ವಗಳು ಇಂಥ ರಕ್ಷಣೆಗಾಗಿ ಗಿಡ ತಯಾರಿಸುವ ವಸ್ತುಗಳೇ ಆಗಿವೆ.

ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಬೆಂಗಳೂರು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೋಲಿಯಸ್ ಗಿಡದಿಂದಲೇ ಇಂಥ ಶಿಲೀಂಧ್ರಗಳನ್ನು ಬೇರ್ಪಡಿಸಿ, ಮತ್ತೆ ಅದೇ ಬೆಳೆಗೆ ಕೊಟ್ಟು ನೋಡಿದರು. 2019 ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ಶಿಲೀಂಧ್ರಗಳು ಗಿಡದ ಬೆಳವಣಿಗೆಯನ್ನೂ ಬೇರಿನ ಫೋರ್ಸ್‌ಕೋಲಿನ್ ಅಂಶವನ್ನೂ ಹೆಚ್ಚಿಸಿದವು. ಈ ಸತ್ವವನ್ನು ತಯಾರಿಸುವ ಗಿಡದ ವಂಶವಾಹಿಗಳು ಚುರುಕಾದದ್ದೂ ಕಂಡುಬಂದಿತು.

ಎಚ್ಚರಿಕೆ ಅಗತ್ಯ

ಆ ಮೂರರಲ್ಲಿ ಒಂದು ಫ್ಯುಸೇರಿಯಂ ಜಾತಿಗೆ ಸೇರಿದ್ದು. ಕೋಲಿಯಸ್ ಬೆಳೆಯನ್ನು ಸೊರಗಿಸುವ ಶಿಲೀಂಧ್ರಗಳಲ್ಲಿಯೂ ಫ್ಯುಸೇರಿಯಂ ಇದೆ! ಮಿತ್ರನೂ ಶತ್ರುವೂ ಒಂದೇ ಮನೆತನದವರು. ಕಣ್ಣಳತೆಯಿಂದ ಇವರನ್ನು ಬೇರ್ಪಡಿಸಲಾಗದು. ಆದುದರಿಂದ ಶಿಲೀಂಧ್ರದ ಹೆಸರು, ತಯಾರಿಸಿದ ದಿನ, ಬಳಕೆಯ ಅವಧಿ ನಮೂದಿಸದ ಪುಡಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಹೊಲಕ್ಕೆ ತರಬೇಡಿ.

ರೈತರು ಅನುಸರಿಸಬೇಕಾದ ಕ್ರಮಗಳು

1. ರೋಗವಿಲ್ಲದ, ಸೊಂಪಾದ ತಾಯಿಗಿಡಗಳಿಂದ 10–12 ಸೆಂ.ಮೀ. ಉದ್ದದ ತುದಿಕಾಂಡಗಳನ್ನು ಆರಿಸಿ. ಕಾಂಡದ ತುಂಡಿನೊಡನೆ ಒಳವಾಸಿಗಳೂ ಬರಬಹುದು, ರೋಗವೂ ಬರಬಹುದು.

2. ಪರೀಕ್ಷಿಸಿದ ಶಿಲೀಂಧ್ರ ದೊರೆತಲ್ಲಿ ಅದನ್ನು ಸಂಸ್ಥೆ ತಿಳಿಸಿದ ಪ್ರಮಾಣದಲ್ಲೇ ಬಳಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತಪ್ಪದೆ ಹಾಕಿ.

3. ರಾಸಾಯನಿಕ ಶಿಲೀಂಧ್ರನಾಶಕದೊಂದಿಗೆ ಬೆರೆಸಬೇಡಿ. ಅದು ಶತ್ರುವಿನೊಡನೆ ಮಿತ್ರನನ್ನೂ ಕೊಲ್ಲುತ್ತದೆ. ಎರಡರ ನಡುವಿನ ಅಂತರವನ್ನು ತಜ್ಞರಿಂದ ತಿಳಿಯಿರಿ.

4. ಹೊಲದ ಮಧ್ಯೆ ನಾಲ್ಕು ಸಾಲುಗಳನ್ನು ಏನೂ ಉಪಚರಿಸದೆ ಬಿಡಿ. ಸುಮಾರು 5 ತಿಂಗಳಿಗೆ ಬೇರು ಕಿತ್ತಾಗ ಆ ಸಾಲುಗಳದ್ದನ್ನೂ ಅಷ್ಟೇ ಉದ್ದದ ಉಪಚರಿಸಿದ ಸಾಲುಗಳದ್ದನ್ನೂ ಬೇರೆ ಬೇರೆಯಾಗಿ ಒಣಗಿಸಿ, ತೂಗಿ, ಎರಡರ ಮಾದರಿಗಳನ್ನೂ ಸತ್ವ ಪರೀಕ್ಷೆಗೆ ಕಳುಹಿಸಿ.

ಕೊನೆಯ ಮಾತು ಬಹು ಮುಖ್ಯ. ಬೇರು ಕೊಳ್ಳುವವನು ತನ್ನ ಪರೀಕ್ಷೆಯ ಅಂಕಿ ಹಿಡಿದು ಬೆಲೆ ಇಳಿಸುವಾಗ, ತನ್ನದೊಂದು ಅಂಕಿಯಿಲ್ಲದ ರೈತ ಸುಮ್ಮನೆ ಒಪ್ಪಬೇಕಾಗುತ್ತದೆ. ಪರೀಕ್ಷಾ ವರದಿ ನಿಮ್ಮ ಕೈಯಲ್ಲಿಯೂ ಇರಲಿ. ಶಿಲೀಂಧ್ರ ದುಡಿದ ಲಾಭ ಆಗ ನಿಮ್ಮ ಮನೆ ಸೇರುತ್ತದೆ.