ಮಸುಕಾದ ಓಲೆಗರಿಗೆ ಹಳೆಯ ಕ್ಯಾಮೆರಾ: ಅವಗೆಂಪು ಬೆಳಕಿನ ಓದು

ಶಾಸನ, ಓಲೆಗರಿಗಳ ಫೋಟೋಗೆ ಯಾವ ಕ್ಯಾಮೆರಾ ತಗೋಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳೋದು ಒಂದೇ ಮಾತು: ಬೀರುವಿನಲ್ಲಿರುವ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಗುಜರಿಗೆ ಹಾಕಬೇಡಿ. ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಅದು ಇಂದಿನ ಫೋನಿಗೂ ಸಮವಲ್ಲ, ನಿಜ. ಆದರೆ ಇನ್‌ಫ್ರಾರೆಡ್, ಅಂದರೆ ಅವಗೆಂಪು ಬೆಳಕನ್ನು ಹಿಡಿಯುವುದರಲ್ಲಿ ಅದು ಎಷ್ಟೋ ಹೊಸ ಕ್ಯಾಮೆರಾಗಳಿಗಿಂತ ಮುಂದಿರಬಹುದು.

ಕಾರಣ ಸರಳ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದ ಬೆಳಕನ್ನು ಕಾಣುತ್ತದೆ. ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರ್ ಸುಮಾರು 1100ರವರೆಗೂ ಕಾಣಬಲ್ಲದು. ಹಾಗೇ ಬಿಟ್ಟರೆ ಬಣ್ಣಗಳು ಕೆಡುತ್ತವೆ ಅಂತ ತಯಾರಕರು ಸೆನ್ಸರಿನ ಮುಂದೆ ಅವಗೆಂಪನ್ನು ತಡೆಯುವ ಗಾಜು ಕೂರಿಸುತ್ತಾರೆ. ಮೊದಮೊದಲ ಎಷ್ಟೋ ಮಾದರಿಗಳಲ್ಲಿ ಈ ತಡೆ ದುರ್ಬಲವಾಗಿತ್ತು. 2004ರ ನಿಕಾನ್ ಡಿ70 ಇದಕ್ಕೆ ಹೆಸರುವಾಸಿ. 2006ರ ಲೈಕಾ ಎಂ8ರಲ್ಲಂತೂ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಕಾಣುತ್ತಿತ್ತು. ಕೊಂಡವರಿಗೆ ಕಂಪನಿಯೇ ಫಿಲ್ಟರ್ ಕೊಡಬೇಕಾಯಿತು. ಮದುವೆ ಫೋಟೋಗ್ರಾಫರಿಗೆ ದೋಷವಾದದ್ದು ನಮಗೆ ಗುಣ.

ನಿಮ್ಮ ಕ್ಯಾಮೆರಾ ಹೇಗಿದೆ ಅಂತ ನೋಡೋದು ಸುಲಭ. ಕತ್ತಲೆ ಕೋಣೆಯಲ್ಲಿ ಟಿವಿ ರಿಮೋಟಿನ ಗುಂಡಿ ಒತ್ತಿ ಹಿಡಿದು, ಅದರ ಮೂತಿಯ ಫೋಟೋ ತೆಗೆಯಿರಿ. ಬಲ್ಬು ಪ್ರಖರವಾಗಿ ಬೆಳಗಿದರೆ ತಡೆ ದುರ್ಬಲ ಎಂದರ್ಥ, ಕೆಲಸಕ್ಕೆ ಬರುತ್ತದೆ.

ಇದರಿಂದ ನಮಗೇನು ಲಾಭ? ಓಲೆಗರಿಯಲ್ಲಿ ಕಂಟದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ತೀಡುತ್ತಿದ್ದರು. ಕಾಡಿಗೆ ಎಂದರೆ ಇಂಗಾಲ. ಅದು ಅವಗೆಂಪನ್ನೂ ಹೀರಿಕೊಂಡು ಕಪ್ಪಾಗಿಯೇ ಉಳಿಯುತ್ತದೆ. ವಯಸ್ಸಾಗಿ ಕಂದಿದ ಗರಿ ಮಾತ್ರ ಅವಗೆಂಪಿನಲ್ಲಿ ಬೆಳ್ಳಗಾಗುತ್ತದೆ. ಕಂದಿನಲ್ಲಿ ಮುಳುಗಿದ್ದ ಅಕ್ಷರ ಎದ್ದು ನಿಲ್ಲುತ್ತದೆ. 1947ರಿಂದ ಸಿಕ್ಕ ಮೃತ ಸಮುದ್ರದ ಸುರುಳಿಗಳನ್ನು 1950ರ ದಶಕದಲ್ಲಿ ಅವಗೆಂಪು ಫಿಲ್ಮಿನಲ್ಲಿ ಚಿತ್ರೀಕರಿಸಿದ್ದೂ ಇದೇ ತತ್ವದ ಮೇಲೆ: ಕಪ್ಪಾದ ಚರ್ಮ, ಇಂಗಾಲದ ಮಸಿ.

ಮಿತಿಗಳೂ ಇವೆ. ಕಾಡಿಗೆ ಪೂರ್ತಿ ಉದುರಿ ಬರೀ ಗೀರು ಉಳಿದಿದ್ದರೆ ಇದರಿಂದ ಉಪಯೋಗವಿಲ್ಲ. ಓರೆ ಬೆಳಕು ಬಿಡಿ. ಕಲ್ಲಿನ ಶಾಸನಕ್ಕೂ ಅಷ್ಟೇ, ಅಲ್ಲಿ ಓದಿಸುವುದು ನೆರಳು. ಕಬ್ಬಿಣದಂಶದ ಮಸಿಯಲ್ಲಿ ಬರೆದ ಕಾಗದವಾದರೆ ಅಕ್ಷರ ಎದ್ದು ಕಾಣುವ ಬದಲು ಮಾಯವೇ ಆಗಬಹುದು.

ಈಗ ವಿಧಾನ. ಲೆನ್ಸಿಗೆ 720 ನ್ಯಾನೋಮೀಟರಿನ ಫಿಲ್ಟರ್ ಬೇಕು; ಹೋಯಾ ಆರ್72 ಪ್ರಸಿದ್ಧ. ತೊಳೆಸಿದ ಸ್ಲೈಡ್ ಫಿಲ್ಮಿನ ಬೆಳಕು ತಾಗದ ಕಪ್ಪು ತುದಿಯೂ ಅಗ್ಗದ ಬದಲಿ. ಫಿಲ್ಟರ್ ಹಾಕಿದ ಮೇಲೆ ವ್ಯೂಫೈಂಡರ್ ಕಗ್ಗತ್ತಲು, ಆದ್ದರಿಂದ ಮೊದಲೇ ಚೌಕಟ್ಟು, ಫೋಕಸ್ ಎರಡನ್ನೂ ಮಾಡಿಕೊಳ್ಳಿ. ಅವಗೆಂಪಿನ ಫೋಕಸ್ ತುಸು ಬೇರೆ. ಹಳೆಯ ಲೆನ್ಸುಗಳಲ್ಲಿ ಅದಕ್ಕೆಂದೇ ಕೆಂಪು ಗುರುತು ಇರುತ್ತದೆ. ಎಫ್/8, ಟ್ರೈಪಾಡ್, ಸೆಲ್ಫ್ ಟೈಮರ್, ರಾ ಫೈಲ್. ಎಕ್ಸ್‌ಪೋಷರ್ ಕೆಲವು ಸೆಕೆಂಡು ಹಿಡಿಯಬಹುದು.

ಬೆಳಕಿನ ವಿಷಯದಲ್ಲಿ ಎಚ್ಚರ. ಮನೆಯ ಬಿಳಿ ಎಲ್‌ಇಡಿ ದೀಪದಲ್ಲಿ ಅವಗೆಂಪು ಇಲ್ಲವೆನ್ನುವಷ್ಟು ಕಡಿಮೆ. ಹ್ಯಾಲೊಜೆನ್ ದೀಪದಲ್ಲಿ ಧಾರಾಳ, ಆದರೆ ಅದರ ಬಿಸಿಗೆ ಗರಿ ಒಣಗಿ ಸೀಳುತ್ತದೆ. ಕ್ಸೆನಾನ್ ಫ್ಲಾಶ್ ನನಗೆ ಒಗ್ಗಿದೆ. ಇನ್ನು, ತಡೆಗಾಜು ಕೀಳೋಣ ಅಂತ ಕ್ಯಾಮೆರಾ ಬಿಚ್ಚಲು ಹೋಗಬೇಡಿ. ಒಳಗಿನ ಫ್ಲಾಶ್ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯುತ್ತದೆ.

ಗರಿಯ ಕೆಳಗೆ ಬಿಳಿ ಕಾಗದ ಇಡಿ. ಕಪ್ಪು ಬಟ್ಟೆಯಿದ್ದರೆ ಹುಳು ಕೊರೆದ ತೂತು ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಸೊನ್ನೆ ಅಂತ ಓದಿಬಿಡುವ ಅಪಾಯವಿದೆ. ಬಿಳಿಯ ಮೇಲೆ ತೂತು ತೂತಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಅದೇ ಚೌಕಟ್ಟಿನಲ್ಲಿ ಒಂದು ಸಾಮಾನ್ಯ ಬೆಳಕಿನ ಫೋಟೋನೂ ಇರಲಿ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ, ಪರವಾಗಿಲ್ಲ. ಆದರೆ ಮೂಲ ಫೈಲ್ ಮುಟ್ಟಬೇಡಿ. ಒಂದು ಗೆರೆ ಹೆಚ್ಚಾದರೆ ಪಕಾರ ವಕಾರವಾಗುತ್ತದೆ, ಊರಿನ ಹೆಸರೇ ಬೇರೆಯಾಗುತ್ತದೆ. ನಮ್ಮ ಓದನ್ನು ನಾಳೆ ಯಾರಾದರೂ ಪರೀಕ್ಷಿಸಬೇಕಾದರೆ ಆ ಮೂಲವೇ ಆಧಾರ.

ಇಷ್ಟೆಲ್ಲ ಯಾಕೆ? ಅಟ್ಟದ ಕಟ್ಟು ಬಿಚ್ಚಿದ ಉತ್ಸಾಹದಲ್ಲಿ ಅಕ್ಷರ ಕಾಣಲೆಂದು ಮನೆಯವರೇ ಎಣ್ಣೆ, ಮಸಿ ತಿಕ್ಕಲು ಹೊರಡುತ್ತಾರೆ. ಒಣಗಿದ ಗರಿ ಅಲ್ಲೇ ಪುಡಿಯಾಗುತ್ತದೆ. ಮಸಿ ತೀಡುವುದು ಸಂರಕ್ಷಣೆ ಬಲ್ಲವರ ಕೆಲಸ. ಅವರ ಕೈಗೆ ತಲುಪುವ ಮೊದಲೇ, ಗರಿಯ ಮೈಗೆ ಏನನ್ನೂ ಹಚ್ಚದೆ ಒಳಗೇನಿದೆ ಅಂತ ತಿಳಿಸುವ ಉಪಾಯ ಇದು. ಯಾರಿಗೂ ಬೇಡವಾದ ಆರು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಇಷ್ಟು ಮಾಡಿದರೂ ಸಾಕಲ್ಲ!