ಕಮಲಾಪುರದ ರಾಣಿಯರು, ವಿಧಾನಸೌಧದ ದೇವಿ

ಹಂಪಿ ನೋಡಲು ಬಂದವರು ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಹೊಕ್ಕರೆ ಕೃಷ್ಣದೇವರಾಯ ಮತ್ತು ಅವನ ಇಬ್ಬರು ರಾಣಿಯರು ಕೈಮುಗಿದು ಎದುರಾಗುತ್ತಾರೆ. ಇವು ಪ್ರತಿಕೃತಿಗಳು. ಮೂಲ ಇರುವುದು ತಿರುಮಲೆಯ ದೇವಸ್ಥಾನದಲ್ಲಿ. ರಾಯನಿಗೆ ಎತ್ತರದ ಕುಲಾವಿ; ತಿರುಮಲದೇವಿ, ಚಿನ್ನಾದೇವಿಯರಿಗೆ ತುಂಬಿದ ತುರುಬು, ಮೈತುಂಬ ಒಡವೆ, ಕಾಲಿನವರೆಗೆ ಇಳಿದ ನಿರಿಗೆ. ಯಾರು ಯಾರೆಂದು ಗೊಂದಲವಾಗದಂತೆ ಹೆಗಲ ಮೇಲೆ ಹೆಸರನ್ನೂ ಕೊರೆದಿದ್ದಾರೆ. ರಾಯ ತಿರುಮಲೆಗೆ ಮೊದಲು ಹೋದದ್ದು 1513ರ ಫೆಬ್ರುವರಿಯಲ್ಲಿ.

ಜನ ತಿರುಮಲೆಯ ಮೂಲ ಮೂರ್ತಿಗಳನ್ನು ಕಂಚಿನ ವಿಗ್ರಹವೆಂದೇ ಕರೆಯುತ್ತಾರೆ. ಆದರೆ ಇದು ತಾಮ್ರದ ತಗಡನ್ನು ಬಡಿದು ಉಬ್ಬಿಸಿದ ಕೆಲಸ, ಒಳಗೆ ಟೊಳ್ಳು. ಚಿನ್ನಾದೇವಿಯೇ ನಾಗಲಾದೇವಿ ಎನ್ನುವವರ ಮಾತು ಒಪ್ಪಿದರೆ, ನಾಗಲಾಪುರ ಎನಿಸಿದ್ದ ಹೊಸಪೇಟೆಯ ಹಳೆಯ ಹೆಸರೂ ಅವಳದ್ದೇ. ರಾಯನ ತಾಯಿ ನಾಗಲಾಂಬಿಕೆಯ ಹೆಸರು ಎಂಬ ವಾದವೂ ಇದೆ. ಯಾವುದಾದರೂ ಇರಲಿ, ಊರಿಗೆ ಹೆಸರು ಕೊಟ್ಟವಳು ಹೆಣ್ಣೇ.

ಇಂದಿನ ಕಂಚಿನ ಕೆಲಸದ ದಾರಿ ಬೇರೆ. ಮೊದಲು ಜೇಡಿಮಣ್ಣಿನ ಮಾದರಿ, ಅದರಿಂದ ಅಚ್ಚು, ಅಚ್ಚಿನೊಳಗೆ ಮೇಣದ ತೆಳು ಪದರ, ಅದರ ಒಳಹೊರಗೆ ಶಾಖ ತಡೆಯುವ ಕವಚ. ಒಲೆಯಲ್ಲಿಟ್ಟಾಗ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಸಾವಿರ ಡಿಗ್ರಿ ಮೀರಿ ಕಾಯಿಸಿದ ಲೋಹ ಹೊಯ್ಯುತ್ತಾರೆ. ದೊಡ್ಡ ಮೂರ್ತಿ ಒಂದೇ ಬಾರಿಗೆ ಆಗುವುದಿಲ್ಲ. ತುಂಡು ತುಂಡಾಗಿ ಎರಕಹೊಯ್ದು ಬೆಸೆಯಬೇಕು, ಬೆಸುಗೆಯ ಗೆರೆ ಕಾಣದಂತೆ ಉಜ್ಜಬೇಕು. ಸೀರೆ ಉಟ್ಟ ಮೂರ್ತಿ ಇಲ್ಲಿ ಶಿಲ್ಪಿಯ ಕೈಹಿಡಿಯುತ್ತದೆ: ಬೆಸುಗೆ ನಿರಿಗೆಯ ಮಡಿಕೆಯಲ್ಲಿ ಅಡಗುತ್ತದೆ, ನೆಲ ಮುಟ್ಟಿದ ಸೆರಗು, ಅಂಚುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಕುದುರೆ ಏರಿದವಳದ್ದು ಕಷ್ಟ. ನಾಲ್ಕು ಸಣ್ಣ ಕಾಲಿನ ಮೇಲೆ ಅಷ್ಟೂ ತೂಕ ನಿಲ್ಲಬೇಕು, ಒಳಗೆ ಉಕ್ಕಿನ ಆಸರೆ ಬೇಕು.

ಅಂಥ ಒಬ್ಬಳು ಕಿತ್ತೂರು ರಾಣಿ ಚೆನ್ನಮ್ಮ. ಸಂಸತ್ ಭವನದ ಆವರಣದಲ್ಲಿ ಅವಳ ಪ್ರತಿಮೆಯನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅನಾವರಣ ಮಾಡಿದ್ದು 2007ರ ಸೆಪ್ಟೆಂಬರ್ 11ರಂದು. ವಿಧಾನಸೌಧದ ಪಶ್ಚಿಮಕ್ಕೆ 25 ಅಡಿಯ ಕಂಚಿನ ನಾಡದೇವಿ ಭುವನೇಶ್ವರಿ ಬಂದದ್ದು 2025ರ ಜನವರಿ 27ರಂದು. ಈ ದೇವಿಯ ತವರು ಹಂಪಿಯೇ ಎನ್ನಬಹುದು: ವಿರೂಪಾಕ್ಷ ದೇವಸ್ಥಾನದ ಆವರಣದಲ್ಲಿ ಭುವನೇಶ್ವರಿಯ ಗುಡಿಯಿದೆ. ವಿಜಯನಗರಕ್ಕಿಂತ ಹಳೆಯದಾದ, ಚಾಲುಕ್ಯ ಶೈಲಿಯ ನುಣುಪು ಕಂಬಗಳು ಅಲ್ಲಿವೆ. ರಾಜಧಾನಿಯ ಮೂರ್ತಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುವವರಲ್ಲಿ ಎಷ್ಟು ಮಂದಿ ಈ ಗುಡಿಗೆ ಬಂದಿದ್ದಾರೋ!

ಕಂಚು ದುಬಾರಿ. ಅದಕ್ಕೇ ಏನೋ, ರಾಣಿ, ದೇವಿಯರಿಗೆ ಮೊದಲ ಮಣೆ. ಕಲ್ಲು ಅಷ್ಟು ಬಿಗುಮಾನದ್ದಲ್ಲ. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಕುಣಿಯುವ, ಕೋಲಾಟವಾಡುವ, ಬೇಟೆಗೆ ಹೊರಟ ಹೆಂಗಸರು ಸಾಲುಗಟ್ಟಿದ್ದಾರೆ; ಯಾರ ಹೆಗಲ ಮೇಲೂ ಹೆಸರಿಲ್ಲ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯವಳು ಸೂಜಿಗೆ ದಾರ ಪೋಣಿಸುವ ಭಂಗಿ, ಕಂಪ್ಲಿಯ ಗದ್ದೆಯಲ್ಲಿ ನಾಟಿಗೆ ಬಗ್ಗಿದವಳ ಬೆನ್ನು: ಎರಡೂ ಒಳ್ಳೆಯ ಎರಕಕ್ಕೆ ಹೇಳಿ ಮಾಡಿಸಿದ ವಸ್ತು. 25 ಅಡಿ ಬೇಕಿಲ್ಲ, ಆಳೆತ್ತರ ಸಾಕು. ಹೊಸಪೇಟೆಯ ಬಸ್ ನಿಲ್ದಾಣದ ಎದುರಿಗಾದರೂ ಆದೀತು.