ಪ್ರೋಟೀನ್ ಎಷ್ಟು, ಸಾಬೂನು ಎಷ್ಟು?

ಹೈದರಾಬಾದಿನಲ್ಲಿ ನಾನು ಬರೆಯುವುದು ಪ್ರಯೋಗಾಲಯದ ಉಪಕರಣಗಳಿಗೆ ಸಾಫ್ಟ್‌ವೇರ್. ಪಿಯುಸಿಗೇ ಜೀವಶಾಸ್ತ್ರಕ್ಕೆ ಕೈಮುಗಿದವನು, ಈಗ ಪ್ರೋಟೀನ್ ಅಳೆಯುವವರ ನಡುವೆಯೇ ದಿನ ಕಳೆಯುತ್ತೇನೆ.

ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳಿಗೆ ನೀರೆಂದರೆ ಆಗದು. ಹೊರತೆಗೆದರೆ ಗಂಟುಕಟ್ಟಿಕೊಳ್ಳುತ್ತವೆ. ಅದಕ್ಕೇ ಡಿಟರ್ಜೆಂಟ್. ಅದರ ಅಣುಗಳು ಪ್ರೋಟೀನಿನ ಜಿಡ್ಡು ಭಾಗವನ್ನು ಸುತ್ತುವರಿದು ನೀರಿನಲ್ಲಿ ಕರಗಿರುವಂತೆ ನೋಡಿಕೊಳ್ಳುತ್ತವೆ. ತಾಪತ್ರಯವೆಲ್ಲ ಅಳೆಯುವಾಗ. ಪ್ರೋಟೀನಿನ ಟ್ರಿಪ್ಟೊಫಾನ್, ಟೈರೊಸಿನ್‌ಗಳು 280 ನ್ಯಾನೊಮೀಟರ್ ಬೆಳಕನ್ನು ಹೀರುತ್ತವೆ. ಎಷ್ಟು ಹೀರಿತು ಎಂಬುದರಿಂದ ಸಾಂದ್ರತೆ ಗೊತ್ತಾಗುತ್ತದೆ. ಆದರೆ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟೂ ಅದೇ ಬೆಳಕನ್ನು ಹೀರುತ್ತದೆ. ಡಿಡಿಎಂ ಹೀರುವುದಿಲ್ಲ, ದುಬಾರಿಯಾದರೂ ಲ್ಯಾಬಿನವರಿಗೆ ಅದೇ ಅಚ್ಚುಮೆಚ್ಚು. ಬ್ರಾಡ್‌ಫೋರ್ಡ್ ಬಣ್ಣದ ಪರೀಕ್ಷೆಯೂ ಡಿಟರ್ಜೆಂಟಿನಿಂದ ಕೆಡುತ್ತದೆ, ಬಿಸಿಎ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಇಂದಿನ ಔಷಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವುದು ಪೊರೆಯ ಪ್ರೋಟೀನುಗಳ ಮೇಲೆಯೇ. ಸಾಂದ್ರತೆ ಎರಡರಷ್ಟು ತೋರಿಸಿದರೆ, ಇರುವ ಪ್ರೋಟೀನಿಗೆಲ್ಲ ಔಷಧಿ ಅಂಟಿದ್ದರೂ ಅರ್ಧಕ್ಕೆ ಮಾತ್ರ ಅಂಟಿತೆಂದು ಲೆಕ್ಕ ಹೇಳುತ್ತದೆ. ಒಳ್ಳೆಯ ಪ್ರೋಟೀನನ್ನು ಕೆಟ್ಟಿದೆಯೆಂದು ಚೆಲ್ಲಿಬಿಡಬಹುದು.

ಪಾತ್ರೆಯ ತೂಕ ಕಳೆದು ತುಪ್ಪ ತೂಗುವಂತೆ, ಇಲ್ಲಿ ಮೊದಲು 'ಬ್ಲ್ಯಾಂಕ್' ಅಳೆದು ಸೊನ್ನೆ ಮಾಡಬೇಕು: ಅದೇ ಬಫರ್, ಅಷ್ಟೇ ಡಿಟರ್ಜೆಂಟ್, ಪ್ರೋಟೀನ್ ಮಾತ್ರ ಇಲ್ಲ. 'ಅಷ್ಟೇ' ಎನ್ನುವುದೇ ಕಷ್ಟ. ಪ್ರೋಟೀನನ್ನು ಫಿಲ್ಟರಿನಲ್ಲಿ ಸೋಸಿ ಗಟ್ಟಿ ಮಾಡುವಾಗ ಡಿಟರ್ಜೆಂಟಿನ ಮೈಸೆಲ್‌ಗಳೂ ಮೇಲೆಯೇ ಉಳಿದು ಗಟ್ಟಿಯಾಗಬಹುದು. ಟ್ರೈಟಾನ್ ಇದ್ದರಂತೂ ಹಳೆಯ ಬ್ಲ್ಯಾಂಕ್ ನಂಬುವಂತಿಲ್ಲ.

ಹಾಗಾಗಿ ನಮ್ಮ ಸಾಫ್ಟ್‌ವೇರ್ ಅಳೆಯುವ ಮೊದಲು ಕೇಳುತ್ತದೆ: ಯಾವ ಡಿಟರ್ಜೆಂಟ್? ಗಟ್ಟಿ ಮಾಡಿದ ಮೇಲೆ ಬ್ಲ್ಯಾಂಕ್ ಬದಲಿಸಿದಿರಾ? ಒಂದು ಕ್ಲಿಕ್ ಹೆಚ್ಚಾಯಿತೆಂದು ಗೊಣಗುವವರಿದ್ದಾರೆ. ನಾನಂತೂ ತೆಗೆದಿಲ್ಲ.